ಅಳಿವೆಗೆ ಬೀಳದ ಎರಡು ಓಟು

2167ನೇ ಇಸವಿ, ಹದಿಮೂರನೇ ತಿಂಗಳ ಅಮಾವಾಸ್ಯೆ

ತೊಳಸಜ್ಜೀ,

ಹದಿಮೂರನೇ ತಿಂಗಳು ಎಲ್ಲಿಂದ ಬಂತೆಂದು ಗಾಬರಿಯಾಗಬೇಡ. ನಾವೀಗ ಹುಣ್ಣಿಮೆ ನೋಡಿಕೊಂಡು ತಿಂಗಳು ಎಣಿಸುತ್ತೇವೆ. ನಾನು ನಿನ್ನ ಮೊಮ್ಮಗಳ ಮರಿಮಗಳು. ನನ್ನ ಮಾತು ಸೊಟ್ಟಗೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ.

ನಮ್ಮ ಶಾಲೆಯಲ್ಲಿ ಕೆಸರುಪಾಠ ಅಂತ ಒಂದಿದೆ. ಅಂಗಳದ ಹೊಂಡದಲ್ಲಿ ಉಪ್ಪುನೀರು, ಕೆಸರು ಕಲಸಿ, ಪಿಂಗಾಣಿಯ ಚಿಪ್ಪಿ ಹೂತಿಡುತ್ತಾರೆ. ಮಕ್ಕಳು, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಚಿಪ್ಪಿ ಆಯುತ್ತಿದ್ದ ನಿಮ್ಮ ಹಾಗೆ ಬಗ್ಗಿ, ಕಾಲಿನ ಹೆಬ್ಬೆರಳಲ್ಲಿ ತಡವಿ ಹುಡುಕಿ ಕೈಯಿಂದ ಎತ್ತಬೇಕು. ನಿನ್ನೆ ನನ್ನ ಮಗಳು ಮೊಣಕೈತನಕ ಕೆಸರು ಮಾಡಿಕೊಂಡು ಬಂದು, ಪಿಂಗಾಣಿ ಚಿಪ್ಪಿ ತೋರಿಸಿ, ಇದಕ್ಕೆ ನಿಜವಾಗಲೂ ಜೀವ ಇತ್ತೇನಮ್ಮಾ ಎಂದು ಕೇಳಿದಳು. ಅದಕ್ಕೇ ಬರೆಯಲು ಕೂತೆ.

ನಿಮ್ಮ ಶಾಸಕರು ವಯಸ್ಸಾಯಿತೆಂದು ಹಿಂದೆ ಸರಿದು ಕುರ್ಚಿ ಖಾಲಿಯಾಗಿ ಚುನಾವಣೆ ಬಂದ ವರ್ಷದ ಮಾತು ಇದು. ಛತ್ರಿ ಗುರುತಿನವನು ಅಳಿವೆ ತುಂಬಿಸಿ ಗೋದಾಮು ಕಟ್ಟಿಸುತ್ತೇನೆಂದ. ಬುಟ್ಟಿ ಗುರುತಿನವಳು ಅಳಿವೆ ಮುಟ್ಟಲು ಬಿಡೆನೆಂದಳು. ನಿಮ್ಮ ಮನೆಯಲ್ಲಿ ಸೊಸೆಯರ ಓಟು ತವರಿನ ಕಡೆಗೆ, ಅದು ರೂಢಿ. ಛತ್ರಿಯವನು ನಿನ್ನ ತವರೂರಿನವನು. ಬುಟ್ಟಿಯವಳು ನಿನ್ನ ವಾರಗಿತ್ತಿ ಬೀರಮ್ಮನ ತವರಿನವಳು, ಅವಳ ಓಟು ಬುಟ್ಟಿಗೆ.

ಮತದಾನದ ಬೆಳಿಗ್ಗೆ ಬೀರಮ್ಮ ಅಂದಳಂತೆ: "ನಿನ್ನದು ಛತ್ರಿ, ನನ್ನದು ಬುಟ್ಟಿ. ಒಂದಕ್ಕೊಂದು ವಜಾ. ಬಿಸಿಲಲ್ಲಿ ಸಾಲು ನಿಂತು ಏನು ಸಿಗ್ತದೆ ತೊಳಸಿ? ಬಾ, ನೀರು ಇಳಿದದೆ."

"ಹಾಂಗೇ ಆಗ್ಲಿ ಅಕ್ಕ" ಅಂದೆ ನೀನು. ಮನೆಯಲ್ಲಿ ಜಗಳವಾಗಲಿಲ್ಲ. ಎರಡು ಬುಟ್ಟಿ ಚಿಪ್ಪಿ ಸಿಕ್ಕಿತು.

ಎಣಿಕೆಯ ದಿನ ಛತ್ರಿ ಒಂದೇ ಓಟಿನಿಂದ ಗೆದ್ದಿತು. ನೀನು ಚಿಪ್ಪಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ನಾನೂ ಬುಟ್ಟಿಗೇ ಹಾಕ್ಬೇಕಂತಿದ್ದೆ ಅಕ್ಕ. ತವರಿನವರ ಹೆದರಿಕೆ" ಅಂದೆಯಂತೆ.

"ಹಾಳಾದವಳೇ, ಅವತ್ತು ಬಾಯಲ್ಲೇನು ಚಿಪ್ಪಿ ಇಟ್ಕಂಡಿದ್ಯಾ?" ಎಂದು ಬೈದ ಬೀರಮ್ಮ, ಬೈಯುತ್ತಲೇ ಅತ್ತಳಂತೆ. ಇಬ್ಬರೂ ಬದುಕಿರುವಾಗಲೇ ಲಾರಿಗಳು ಮಣ್ಣು ತಂದು ಸುರಿದವು.

ಈಗ ಗೋದಾಮುಗಳೂ ಇಲ್ಲ. ಬಿಳಿ ಮಣ್ಣಿದೆ, ಗಾಳಿಯಿದೆ. ನಿನ್ನನ್ನು ದೂರಲು ಬರೆದಿಲ್ಲ ಅಜ್ಜೀ. ನಾನೂ ಹಲವು ಸಲ ಮನೆಯ ನೆಮ್ಮದಿಗೆಂದು ಬಾಯಿ ಮುಚ್ಚಿಕೊಂಡವಳೇ.

ಈ ಕಾಗದ ಆ ಬೆಳಿಗ್ಗೆಗೆ ಮುಂಚೆ ನಿನ್ನ ಕೈಗೆ ಸಿಕ್ಕಿದರೆ, ಬೀರಮ್ಮ ಕರೆದಾಗ ನನ್ನ ಓಟೂ ಬುಟ್ಟಿಗೇ ಎಂದು ಒಂದು ಮಾತು ಹೇಳು. ಜಗಳವಾದರೆ ಆಗಲಿ. ಇಬ್ಬರೂ ಸಾಲಿನಲ್ಲಿ ನಿಂತು ಆಮೇಲೆ ಅಳಿವೆಗೆ ಹೋಗಿ. ಅಷ್ಟರಲ್ಲಿ ನೀರು ಏರಿರುತ್ತದೆ, ಬುಟ್ಟಿ ಖಾಲಿ ಉಳಿಯುತ್ತದೆ. ಉಳಿಯಲಿ. ಚಿಪ್ಪಿಗಳು ಕೆಸರಿನಲ್ಲೇ ಇರಲಿ, ನನ್ನ ಮಗಳು ಬರುವತನಕ.