ಒಬ್ಬನಿಗೆ ಮಾತ್ರ

ಆಗಸ್ಟ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವ, ಪಾಪು ಆರಾಮಾ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಸಾರಿ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಎಲ್ಲ ಕಾಗೆಕಾಲು ಗುಬ್ಬಿಕಾಲು. ಗಾಬರಿಯಾಗಬೇಡ, ಪೂರ್ತಿ ಓದು.

ಈ ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಹೊಸಬರಿಗೆಲ್ಲ ಹೊಡೆಯುವುದು ಪ್ರತಿ ವರ್ಷದ ವಾಡಿಕೆಯಂತೆ. ಈ ಸಲ ಸುಧಾರಣೆ! ನಮ್ಮನ್ನೆಲ್ಲ ಊಟದ ಹಾಲ್‌ನಲ್ಲಿ ಕೂರಿಸಿ, ಅವರ ಲೀಡರ್ ಬೆಂಚು ಹತ್ತಿದ. ಅವನನ್ನು ಎಲ್ಲರೂ ಮಂತ್ರಿ ಅನ್ನುತ್ತಾರೆ. “ನಾವೇನು ರಾಕ್ಷಸರಾ? ಈ ವರ್ಷ ಒಬ್ಬನಿಗೆ ಮಾತ್ರ. ಯಾರಿಗೆ ಅಂತ ನೀವೇ ಕೈಯೆತ್ತಿ ಹೇಳಿ. ಡೆಮಾಕ್ರಸಿ ಕಣ್ರೋ!” ಚಪ್ಪಾಳೆ ಬಿತ್ತು ಅಕ್ಕಾ. ತಟ್ಟಿದ್ದು ನಮ್ಮವರೇ.

ನಾನು ಎದ್ದು, “ಇಂಥದಕ್ಕೆಲ್ಲ ಓಟು ಹಾಕ್ಬಾರದು. ನಾನು ಹಾಕಲ್ಲ” ಅಂದೆ. ಎಲ್ಲರ ಕಣ್ಣು ನನ್ನ ಮೇಲೆ. “ನೋಡ್ರಪ್ಪಾ, ಕ್ಯಾಂಡಿಡೇಟು ತಾನಾಗೇ ಎದ್ದು ನಿಂತ!” ಎಂದ ಮಂತ್ರಿ. ಹಾಲ್ ತುಂಬ ನಗು. ಆಮೇಲೆ ಕೈಗಳು ಎದ್ದವು. ನನ್ನ ರೂಮ್‌ಮೇಟ್‌ನದು ಸ್ವಲ್ಪ ತಡವಾಗಿ.

ಬಚ್ಚಲಿಗೆ ಎಳೆದೊಯ್ದರು. ಒದ್ದೆ ಟವೆಲಿಗೆ ಸೋಪು ಗಂಟು ಹಾಕಿ ಬೀಸಿದರು. ಮುಂದಿನ ಹಲ್ಲೊಂದು ಮುರಿದು ನಲ್ಲಿಯ ಕೆಳಗೆ ಬಿತ್ತು. ಮುಖ ಮುಚ್ಚಿಕೊಂಡ ಕೈಯನ್ನು ಕಿತ್ತು, ಬಾಗಿಲ ಸಂದಿಗಿಟ್ಟು, ಬಾಗಿಲು ಒದ್ದರು. ಮೂಳೆ ಲಟಕ್ಕೆಂದಿದ್ದು ನನಗೇ ಕೇಳಿಸಿತು. ನಡುವೆ ಒಬ್ಬ, “ನೀರು ಬೇಕಾ ಮಗಾ?” ಅಂದ. ಕುಡಿಸಿದ. ಮತ್ತೆ ಹೊಡೆದ.

ಆಸ್ಪತ್ರೆಗೆ ಬಂದ ವಾರ್ಡನ್ ಸರ್, “ಓಟೇ ಹಾಕದವನು ರಿಸಲ್ಟ್ ಬಗ್ಗೆ ಕಂಪ್ಲೇಂಟ್ ಕೊಟ್ರೆ ಹೇಗಯ್ಯಾ? ಹೋದ ವರ್ಷ ಇಡೀ ವಾರ್ಡೇ ತುಂಬಿತ್ತು. ಈ ಸಲ ನೀನೊಬ್ನೇ” ಎಂದರು. ಅವರ ಮಾತು ಸುಳ್ಳಲ್ಲ. ನನಗೆ ಭಯ ಅದೇ. ರೂಮ್‌ಮೇಟ್ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಾ, “ಪರ್ಸನಲ್ಲಾಗಿ ತಗೋಬೇಡ ಕಣೋ” ಅಂದ. ಒಬ್ಬ ಹೊಡೆದಿದ್ದರೆ ಅವನಿಗೆ ಹಿಡಿಶಾಪ ಹಾಕಬಹುದಿತ್ತು. ಎಲ್ಲರೂ ಕೂತು, ನ್ಯಾಯವಾಗಿ, ನಗುತ್ತಾ ತೀರ್ಮಾನಿಸಿದ್ದಕ್ಕೆ ಯಾರನ್ನು ಶಪಿಸಲಿ?

ನಾಳೆ ಡಿಸ್ಚಾರ್ಜ್. ಮತ್ತೆ ಅದೇ ರೂಮಿಗೆ ಹೋಗಬೇಕು.

ಅಮ್ಮನಿಗೆ ಹಲ್ಲಿನ ವಿಷಯ ಹೇಳಬೇಡ. ಪಾಪುವಿಗೊಂದು ಮುತ್ತು. ನನ್ನ ತಲೆ ಮೇಲೂ ಅಲ್ಲಿಂದಲೇ ಕೈಯಿಟ್ಟು ಹರಸು.

ನಿನ್ನ
ಚೋಟು

ತಾ.ಕ.: ಮನೆಗೆ ಬಂದುಬಿಡುತ್ತೇನೆ ಅಂತ ಅಪ್ಪನಿಗೆ ಫೋನ್ ಮಾಡಿದ್ದೆ. ಎಲ್ಲ ಕೇಳಿಸಿಕೊಂಡು, “ಒಬ್ಬನಾದ್ರೂ ನಿನ್ನ ಪರ ಇರ್ಲಿಲ್ವಾ?” ಎಂದರು. ಇಲ್ಲ ಅಂದೆ. “ಅಷ್ಟೂ ಜನ ನಿನ್ನನ್ನೇ ಆರಿಸಿದ್ರು ಅಂದ್ಮೇಲೆ ತಪ್ಪು ನಿನ್ನಲ್ಲೇ ಏನೋ ಇರ್ಬೇಕಲ್ಲಪ್ಪಾ” ಎಂದು ಫೋನಿಟ್ಟರು. ಅಕ್ಕಾ, ನಿನಗೂ ಹಾಗನ್ನಿಸಿದರೆ ಉತ್ತರ ಬರೆಯಬೇಡ. ಇಲ್ಲವಾದರೆ ಬಂದು ಕರೆದುಕೊಂಡು ಹೋಗು.