ಸುಲಸ್ತ್ರಿಯವರನ್ನು ತೆಗೆದುಹಾಕಿದ ವರ್ಷ

ಜಯನಗರ ನಾಲ್ಕನೆಯ ವಿಭಾಗ
೧೮ ಆಗಸ್ಟ್ ೨೦೨೫

ಪ್ರಿಯ ಮಗಳು ರಮ್ಯಳಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ಹಿಂದೆ ಕಳುಹಿಸಿದ ಟಿಪ್ಪಣಿಯಲ್ಲಿ ಇಂಡೊನೇಷ್ಯಾದ ಕಥೆಗಾರ್ತಿ ಸುಲಸ್ತ್ರಿಯವರ ಬಗ್ಗೆ, "ಮದುವೆಯ ನಂತರ ತಮ್ಮ ಇಚ್ಛೆಯಿಂದಲೇ ಅಧ್ಯಾಪನವನ್ನು ಬಿಟ್ಟು, ಪತಿಯ ಪ್ರೋತ್ಸಾಹದಿಂದ ಕಥೆ ಬರೆಯತೊಡಗಿದರು" ಎಂದು ತಿಳಿಸಿದ್ದೆ. ಅದು ತಪ್ಪು. ನೀನು ನನ್ನನ್ನು ನಂಬಿ ಅದನ್ನೇ ಲೇಖಕಿಯ ಪರಿಚಯದಲ್ಲಿ ಸೇರಿಸಿದೆ. ನಾನು ಅನುವಾದಿಸಿರುವ ಅವರ ಕಥೆಗಳ ಪುಸ್ತಕ ಗುರುವಾರ ಮುದ್ರಣಕ್ಕೆ ಹೋಗುತ್ತದೆ. ಅಷ್ಟರೊಳಗೆ ಆ ವಾಕ್ಯ ಅಲ್ಲಿಂದ ತೊಲಗಬೇಕು. ಜಯನಗರದಿಂದ ಬನಶಂಕರಿಗೆ ಪತ್ರ ಬರೆಯುವವರುಂಟೆ ಎಂದು ನಗಬೇಡ. ಈ ಮಾತನ್ನು ದೂರವಾಣಿಯಲ್ಲಿ ನಾನು ಪೂರ್ತಿಯಾಗಿ ಹೇಳಲಾರೆ.

ಪರಿಚಯವನ್ನು ಇಂಗ್ಲಿಷಿಗೆ ತಿರುಗಿಸಿ ಸುಲಸ್ತ್ರಿಯವರಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದೆ. ಮರುದಿನವೇ ಉತ್ತರ ಬಂತು: "ಚೂಡಾಮಣಿಯವರೆ, ನಾನು ಬಿಟ್ಟೆನೆಂದು ನಿಮಗೆ ಹೇಳಿದವರು ಯಾರು? ನನ್ನನ್ನು ತೆಗೆದುಹಾಕಿದರು. ನಾನು ಕೊಟ್ಟ ವಿವರದಲ್ಲಿ ಹಾಗೆಯೇ ಇದೆಯಲ್ಲ?" ಇತ್ತು. ಸ್ಪಷ್ಟವಾಗಿಯೇ ಇತ್ತು.

ಅವರು ಯೋಗ್ಯಾಕಾರ್ತಾದ ವಿಶ್ವವಿದ್ಯಾಲಯವೊಂದರಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ಮೊದಲ ಸಂಕಲನ ಬಂದದ್ದು ಮದುವೆಗೆ ಮೂರು ವರ್ಷ ಮೊದಲು. ಆಗ ಅಲ್ಲಿ ಸರ್ಕಾರಿ ನೌಕರರ ಹೆಂಡತಿಯರಿಗೆ ಒಂದು ಸಂಘವಿತ್ತು. ಗಂಡನ ಹುದ್ದೆ ಎಷ್ಟು ಮೇಲೋ, ಸಭೆಯಲ್ಲಿ ಹೆಂಡತಿಯ ಕುರ್ಚಿ ಅಷ್ಟು ಮುಂದೆ. ಗುಮಾಸ್ತನ ಹೆಂಡತಿಯೊಬ್ಬಳು ಮೊದಲ ಸಾಲಿನಲ್ಲಿ ಕುಳಿತು ಏಳಲೊಪ್ಪದ ಕಥೆಯನ್ನು ಇವರು ಬರೆದರು. ವಿಭಾಗದ ಮುಖ್ಯಸ್ಥರ ಪತ್ನಿಗೆ ಆ ಕುರ್ಚಿ ತನ್ನದೇ ಎನ್ನಿಸಿತು. ಸುಲಸ್ತ್ರಿಯವರ ತರಗತಿಗಳು ಹೋದವು, ಕೆಲಸವೂ ಹೋಯಿತು. ಕ್ಷಮಾಪತ್ರ ಬರೆದುಕೊಡೆಂದು ಗಂಡ ಒತ್ತಾಯಿಸಿದ. ಬರೆಯಲಿಲ್ಲ, ಅವನ ಮನೆಯಿಂದಲೇ ಹೊರಟರು. ಆರು ವರ್ಷ ಹೊಲಿಗೆಯಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ಹೇಳಿದರು, ಎರಡು ಕಾದಂಬರಿ ಬರೆದರು. ಆಳ್ವಿಕೆ ಬದಲಾದ ಮೇಲೆ ಅದೇ ವಿಭಾಗಕ್ಕೆ ಪ್ರಾಧ್ಯಾಪಕಿಯಾಗಿ ಮರಳಿದರು. ಇಂಥವರಿಗೆ ನಾವು ಪತಿಯ ಪ್ರೋತ್ಸಾಹದ ಶಾಲು ಹೊದಿಸಿದೆವು!

ಪ್ರಕಾಶಕ ಸಿದ್ದರಾಜುವಿಗೆ ವಿಷಯ ತಿಳಿಸಿದೆ. "ಮೇಡಂ, ಸ್ವಲ್ಪ ಫ್ಯಾಮಿಲಿ ಟಚ್ ಇರ್ಲಿ ಬಿಡಿ. ನಮ್ಮಲ್ಲಿ ಯಾವ ಲೇಡಿ ರೈಟರ್‌ಗೂ ಆ ಲೈನ್ ಹಾಕ್ದೆ ಬಿಟ್ಟಿಲ್ಲ. ಆಯಮ್ಮ ಏನ್ ಜಾವಾದಿಂದ ಬಂದು ಕನ್ನಡ ಓದ್ತಾರಾ?" ಎಂದ.

"ನಾನು ಓದುತ್ತೇನಲ್ಲಪ್ಪ" ಎಂದೆ.

"ನೀವು ಓದ್ತಾ ಕೂತ್ರೆ ಬುಕ್ ಈ ಜನ್ಮದಲ್ಲಿ ಹೊರಗ್ಬರಲ್ಲ ಮೇಡಂ!"

ನಕ್ಕ. ಮೈಯೆಲ್ಲ ಉರಿಯಿತು. ಮನೆಗೆ ಬಂದು, ಅವನು ಪ್ರಕಟಿಸಿದ ಹನ್ನೊಂದು ಮಂದಿ ಲೇಖಕಿಯರ ಪುಸ್ತಕಗಳನ್ನು ತೆಗೆದು ನೋಡಿದೆ. ಹನ್ನೊಂದರಲ್ಲೂ ಪತಿ ಪ್ರೋತ್ಸಾಹಿಸಿದ್ದಾನೆ. ಅವರಲ್ಲೊಬ್ಬರು ಅವಿವಾಹಿತೆ.

ನಿನ್ನ ತಂದೆ ಪತ್ರಿಕೆಯಿಂದ ಕಣ್ಣೆತ್ತದೆಯೇ, "ಎರಡು ಲೈನಿಗೆ ಯಾಕೆ ಬಿಪಿ ಏರಿಸ್ಕೋತೀಯಾ? ಯಾರಿಗೇನು ನಷ್ಟ?" ಎಂದರು. ಬಾಗಿಲು ಹಾಕಿಕೊಂಡು ಈ ಪತ್ರ ಬರೆಯಲು ಕುಳಿತೆ.

ಪುಸ್ತಕದ ಸಂಪಾದಕಿ ನೀನು. ಆ ವಾಕ್ಯ ಉಳಿದರೆ ಅನುವಾದಕಿಯ ಜಾಗದಲ್ಲಿ ನನ್ನ ಹೆಸರಿರಕೂಡದು. ಇದನ್ನು ಬೆದರಿಕೆಯೆಂದೇ ತಿಳಿ. ತಿದ್ದಿದ ಕರಡಚ್ಚು ಇದರೊಂದಿಗಿದೆ.

ಬೆನ್ನುನೋವು ಹೇಗಿದೆ? ಕುಳಿತೇ ಇರಬೇಡ. ಯಾರ ಅಪ್ಪಣೆಗೂ ಕಾಯಬೇಕಾಗದ ದೀರ್ಘಾಯುಷ್ಯ ನಿನ್ನದಾಗಲಿ.

ನಿನ್ನ ತಾಯಿ,
ಚೂಡಾಮಣಿ

ಮತ್ತೊಂದು ಮಾತು: ಅಷ್ಟು ಸ್ಪಷ್ಟವಾಗಿದ್ದುದನ್ನು ಹೇಗೆ ತಪ್ಪಿ ಬರೆದೆಯೆಂದು ನೀನು ಕೇಳುವೆ. ಓದುವಾಗ ತಪ್ಪಲಿಲ್ಲ, ಬರೆಯುವಾಗ ಕೈ ತಾನಾಗಿ ಆ ವಾಕ್ಯವನ್ನು ಬರೆಯಿತು. ಸುಮಾರು ನಲವತ್ತು ವರ್ಷ ನೆಂಟರಿಗೂ ನೆರೆಯವರಿಗೂ ನಿನಗೂ ನನ್ನ ವಿಷಯವಾಗಿ ಹೇಳುತ್ತ ಬಂದ ವಾಕ್ಯ ಅದು. ನಿನಗಂತೂ, ನೀನು ಹುಟ್ಟಿದ ಮೇಲೆ, ನಿನ್ನನ್ನು ಬೆಳೆಸಲೆಂದು, ಕಾಲೇಜಿನ ಕೆಲಸವನ್ನು ನಾನೇ ಬಿಟ್ಟೆ ಎಂದಿದ್ದೆ. ನಾನು ಬಿಡಲಿಲ್ಲ. ರಾಜೀನಾಮೆ ಬರೆದು, ನನ್ನ ಸಹಿಯನ್ನು ತಾವೇ ಹಾಕಿ, ಪ್ರಾಂಶುಪಾಲರಿಗೆ ಕೊಟ್ಟು ಬಂದವರು ನಿನ್ನ ತಂದೆ. ಮಾರನೆಯ ದಿನ ತರಗತಿಗೆ ಹೋದರೆ ಬೇರೊಬ್ಬರು ಹಾಜರಿ ಕರೆಯುತ್ತಿದ್ದರು. ನಿನ್ನ ಮೇಲೆ ಹೊರಿಸಿದ ಆ ಸುಳ್ಳಿನ ಭಾರವನ್ನು ಇಂದು ಇಳಿಸುತ್ತಿದ್ದೇನೆ.

ಸರಿಪಡಿಸಿದ ದಿನಾಂಕಗಳು:

ಸುಲಸ್ತ್ರಿ, ಮೊದಲ ಸಂಕಲನ: ೧೯೮೭. ೧೯೯೪ ಅಲ್ಲ.
ಸುಲಸ್ತ್ರಿ, ವಿವಾಹ: ೧೯೯೦.
ಸುಲಸ್ತ್ರಿ, ಕೆಲಸದಿಂದ ತೆಗೆದುಹಾಕಿದ್ದು: ೧೯೯೩. ಬಿಟ್ಟದ್ದಲ್ಲ.
ಸುಲಸ್ತ್ರಿ, ಅದೇ ವಿಭಾಗಕ್ಕೆ ಮರಳಿದ್ದು: ೧೯೯೯.
ರಮ್ಯ, ಜನನ: ೨ ಜೂನ್ ೧೯೮೬.
ಚೂಡಾಮಣಿ, ಕೆಲಸದಿಂದ ತೆಗೆದುಹಾಕಿದ್ದು: ೧೪ ನವೆಂಬರ್ ೧೯೮೪. ೧೯೮೬ ಅಲ್ಲ.