ಮೊಮ್ಮಕ್ಕಳಿಗಿಂತ ಉದ್ದದ ಅಜ್ಜಿ

೧೪ ಜೂನ್ ೨೦೦೫, ಮಂಗಳವಾರ

ಕಾತ್ರಜದ ನನ್ನ ಅಂಗಡಿಯಲ್ಲಿ ಮಾರಾಟಕ್ಕಿದ್ದ ಆರು ಕಂಪ್ಯೂಟರ್, ಹತ್ತೊಂಬತ್ತು ದಿನ, ಸುಟ್ಟುಹೋದ ಒಂದು ಯುಪಿಎಸ್: ತಂಗಿಯ ಮಗಳು ಮಾಧುರಿಯ ಪಿಎಚ್.ಡಿ.ಗೆ ಇಲ್ಲಿಯವರೆಗಿನ ಖರ್ಚು. ಇಂದಿನ ಪ್ರಾಣಿಗಳ ಒಂದು ಪ್ರೋಟೀನನ್ನು ಹೋಲಿಸಿ, ಅವೆಲ್ಲಕ್ಕೂ ಮೂಲವಾದ ಪುರಾತನ ಪ್ರೋಟೀನು ಹೇಗಿತ್ತೆಂದು ಲೆಕ್ಕದಿಂದ ಕಂಡುಹಿಡಿಯುವ ಕೆಲಸ ಅವಳದು. ನಾಳೆ ಬೆಳಿಗ್ಗೆ ಅದನ್ನು ತಯಾರಿಸಲು ಆರ್ಡರ್ ಹೋಗಬೇಕಿತ್ತು. ಅನುದಾನದಲ್ಲಿ ಉಳಿದಿರುವುದು ಒಂದೇ ಸಲಕ್ಕೆ ಸಾಲುವಷ್ಟು ಹಣ.

ಸಂಜೆ ಅವಳ ಹಾಳೆ ನೋಡಿದೆ: ಒಂದೊಂದು ಪ್ರೋಟೀನೂ ಅಕ್ಷರಗಳ ಒಂದು ಸಾಲು; ಇಂದಿನವಕ್ಕೆ ನಾವಿಟ್ಟ ಹೆಸರು ಮೊಮ್ಮಕ್ಕಳು, ಪುರಾತನದ್ದಕ್ಕೆ ಅಜ್ಜಿ. ವಿಜ್ಞಾನ ನನಗೆ ತಿಳಿಯದು, ಎಣಿಕೆ ತಿಳಿಯುತ್ತದೆ.

"ಮೊಮ್ಮಕ್ಕಳೆಲ್ಲಾ ಇನ್ನೂರಾ ಹತ್ತು ಅಕ್ಷರದ ಆಸುಪಾಸು ಅದಾರ. ಅಜ್ಜಿ ಒಬ್ಬಾಕಿ ಹೆಂಗ ಇನ್ನೂರಾ ನಲವತ್ತು ಆದಳವಾ?"

"ಮಾಮಾ, ನೀವು ನಿಮ್ಮ ಮಷೀನ್ ನೋಡ್ಕೊರ್ರಿ."

ಅಂದವಳು ಹಾಳೆ ನೋಡಿ ಬಿಳಿಚಿಕೊಂಡಳು. ಒಂದೆರಡು ಪ್ರಾಣಿಗಳಲ್ಲಿ ಮಾತ್ರ ಆಮೇಲೆ ಸೇರಿಕೊಂಡ ತುಂಡುಗಳಿದ್ದವು. ಉಳಿದವುಗಳಲ್ಲಿ ಆ ಜಾಗ ಖಾಲಿ ಇದ್ದುದನ್ನು ಪ್ರೋಗ್ರಾಂ ಲೆಕ್ಕಕ್ಕೇ ಹಿಡಿಯದೆ, ತುಂಡುಗಳನ್ನೆಲ್ಲ ಅಜ್ಜಿಗೆ ಅಂಟಿಸಿತ್ತು.

"ನಮ್ಮ ಗೈಡ್ ಸರ್‌ಗೆ ಏನಂತ ಹೇಳ್ಲಿ? ಮೊನ್ನೇನ ಎಲ್ಲಾ ಸರಿ ಅದ ಅಂದೀನಿ."

"ಖರೇ ಹೇಳು. ಈಗ ಹೇಳಿದ್ರ ಬೈತಾರ, ಆರ್ಡರ್ ಹೋದ ಮ್ಯಾಲೆ ಹೇಳಿದ್ರ ಅಳ್ತಾರ."

ಫೋನ್ ಮಾಡಿದಳು. ಬೈಗುಳ ನನಗೂ ಕೇಳಿಸಿತು. ಆರ್ಡರ್ ನಿಂತಿತು, ಲೆಕ್ಕ ಮತ್ತೆ ಓಡುತ್ತಿದೆ.

ಸರ್‌ಗೆ ಅನುದಾನ ಉಳಿಯಿತು. ಮಾಧುರಿಗೆ ಲೆಕ್ಕ ತಿದ್ದಲು ಒಂದು ವಾರ ಸಿಕ್ಕಿತು. ನನಗೆ ಸಿಕ್ಕಿದ್ದು, ನಾಳೆ ಕೊಡಬೇಕಿದ್ದ ಈ ಆರು ಮಷೀನು ಯಾಕೆ ಬರುವುದಿಲ್ಲವೆಂದು ಚಾಕಣದ ಗಿರಾಕಿಗೆ ಹೇಳುವ ಕೆಲಸ. ಅವನಿಗೂ ಖರೇನೇ ಹೇಳಿ ಬೈಸಿಕೊಳ್ಳುತ್ತೇನೆ.